ನೀರು ಹಾಕಿಡಿ, ಸ್ವಲ್ಪ ಹೊತ್ತು ಬಿಡಿ



ಅಡುಗೆಮನೆಯ ಕಿವಿಮಾತುಗಳಿಗೆ ಕನ್ನಡದಲ್ಲಿ ಎಂದೂ ಬರವಿರಲಿಲ್ಲ. ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಗಿಡಮರ ಬೆಳೆಸುವ ವಿಚಾರ, ನೆಲದಡಿಯ ನೀರು ಹುಡುಕುವ ವಿಚಾರಗಳ ಜೊತೆಗೆ ಅಡುಗೆಯ ಅಧ್ಯಾಯವೂ ಇದೆ. ಸುಮಾರು ಐನೂರು ವರ್ಷಗಳ ಹಿಂದೆ ಮೂರನೆಯ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ ಬರೆದ. ಪುಸ್ತಕ ಬರೆದವರಲ್ಲಿ ಮುಸುರೆ ತಿಕ್ಕಿದವರು ಎಷ್ಟು ಮಂದಿಯೋ, ಆ ಮಾತು ಬೇರೆ. ಆಮೇಲೆ ವಾರಪತ್ರಿಕೆಯ ಪುಟದ ಮೂಲೆ, ಕ್ಯಾಲೆಂಡರ್ ಹಾಳೆಯ ಹಿಂಬದಿ, ಈಗ ಮೊಬೈಲು, ಎಲ್ಲೆಲ್ಲೂ ಕಿವಿಮಾತೇ. ಓದುವಾಗ ಎಲ್ಲವೂ ಸರಿ ಅನ್ನಿಸುತ್ತದೆ. ಒಲೆಯ ಮುಂದೆ ನಿಂತಾಗ ಒಂದೂ ನೆನಪಿಗೆ ಬರುವುದಿಲ್ಲ.

ಯಾಕೆಂದರೆ ಅವು ಬಿಡಿಬಿಡಿಯಾಗಿ ಬರುತ್ತವೆ. ಹೀಗೆ ಮಾಡಿ ಅನ್ನುತ್ತವೆ, ಯಾಕೆ ಅನ್ನುವುದಿಲ್ಲ. ಯಾಕೆ ಅನ್ನುವುದು ಒಮ್ಮೆ ತಿಳಿದರೆ ಒಂದೇ ಕಿವಿಮಾತು ಹತ್ತು ಕಡೆ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಇವತ್ತು ಪಟ್ಟಿ ಓದುವುದಿಲ್ಲ. ಒಂದೇ ಸಂಗತಿ ಹಿಡಿದುಕೊಂಡು ಮಾತಾಡುತ್ತೇನೆ. ನಮ್ಮ ಅಡುಗೆಮನೆಗಳಲ್ಲಿ ಕೂಲಿ ಕೇಳದ ಇಬ್ಬರು ಆಳುಗಳಿದ್ದಾರೆ: ಒಂದು ನೀರು, ಇನ್ನೊಂದು ಹೊತ್ತು. ಇವರಿಬ್ಬರನ್ನು ಸುಮ್ಮನೆ ಕೂರಿಸಿ ನಾವು ರಟ್ಟೆ ನೋಯಿಸಿಕೊಳ್ಳುತ್ತೇವೆ.

ಮೊದಲು ಮುದ್ದೆ ಪಾತ್ರೆಯನ್ನೇ ತೆಗೆದುಕೊಳ್ಳಿ. ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯ ಮನೆಗಳಲ್ಲಿ ಇದು ದಿನದ ಪಾಡು. ಹಿಟ್ಟಿನ ಕೋಲಿನಲ್ಲಿ ತಿರುವಿ, ಮುದ್ದೆ ಕಟ್ಟಿ, ಎಲ್ಲರಿಗೂ ಬಡಿಸಿ, ತಾನೂ ಉಂಡು ಬರುವಷ್ಟರಲ್ಲಿ ಪಾತ್ರೆಯ ಒಳಮೈಗೆಲ್ಲ ರಾಗಿ ಹಿಟ್ಟು ಒಣಗಿ ಹಕ್ಕಳೆಯಾಗಿರುತ್ತದೆ. ರಾಗಿಯಲ್ಲಿ ಬಹುಪಾಲು ಇರುವುದು ಪಿಷ್ಟ. ಅರುವತ್ತು, ಎಪ್ಪತ್ತು ಡಿಗ್ರಿ ಬಿಸಿ ಮುಟ್ಟಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಅಂಟಾಗುತ್ತವೆ. ನೀರು ಆರಿತೋ, ಅದೇ ಅಂಟು ಕಲ್ಲಾಗುತ್ತದೆ. ಸಿನಿಮಾ ಪೋಸ್ಟರು ಗೋಡೆಗೆ ಹಚ್ಚುವ ಮೈದಾ ಗೋಂದು ಕೂಡ ಇದೇ ಸಂಗತಿ. ಪೋಸ್ಟರನ್ನು ಒಣಗಿದ ಮೇಲೆ ಕೀಳುವುದು ಕಷ್ಟ, ಮಳೆ ಬಂದ ಮರುದಿನ ಕೀಳುವುದು ಸುಲಭ. ಆದ್ದರಿಂದ ಕೊನೆಯ ಮುದ್ದೆ ಎತ್ತಿದ ಕೂಡಲೇ, ಪಾತ್ರೆ ಇನ್ನೂ ಬಿಸಿಯಿರುವಾಗಲೇ, ಒಂದು ಚೊಂಬು ನೀರು ಸುರಿದು ತಟ್ಟೆ ಮುಚ್ಚಿಬಿಡಿ. ಊಟ ಮುಗಿಯುವ ಹೊತ್ತಿಗೆ ಹಿಟ್ಟು ತಾನಾಗಿ ಎದ್ದಿರುತ್ತದೆ, ಕೈಯಲ್ಲಿ ಒರೆಸಿದರೆ ಸಾಕು. ಅನ್ನದ ತಪ್ಪಲೆಗೂ ಉಪ್ಪಿಟ್ಟಿನ ಬಾಣಲೆಗೂ ಇದೇ ನ್ಯಾಯ.

ದೋಸೆಹಿಟ್ಟಿನ ಪಾತ್ರೆಗೆ ಮಾತ್ರ ಸ್ವಲ್ಪ ಬೇರೆ. ಅಲ್ಲಿರುವುದು ಬೇಯದ ಹಿಟ್ಟು. ಬೇಗ ಹೋಗಲಿ ಅಂತ ಕುದಿಯುವ ನೀರು ಹಾಕಿದರೆ ಹಿಟ್ಟು ಅಲ್ಲೇ ಬೆಂದು ಅಂಟಿಕೊಳ್ಳುತ್ತದೆ. ಅದಕ್ಕೆ ತಣ್ಣೀರೇ ಸರಿ. ಇಡ್ಲಿ ಬಟ್ಟೆಯನ್ನೂ ಇಡ್ಲಿ ಎಬ್ಬಿಸಿದ ಮರುಕ್ಷಣ ತಣ್ಣೀರಿನ ಬಕೆಟ್ಟಿಗೆ ಹಾಕಬೇಕು. ಒಣಗಿದ ಇಡ್ಲಿ ಬಟ್ಟೆ ಒಗೆದವರಿಗೆ ಅದರ ಕಷ್ಟ ಗೊತ್ತು. ಇನ್ನು ಇಡ್ಲಿ ತಟ್ಟೆಯಿಂದ ಇಡ್ಲಿ ಮುರಿಯದೆ ಬರಬೇಕಾದರೆ, ಒಲೆ ಆರಿಸಿ ಎರಡು ಮೂರು ನಿಮಿಷ ಹಬೆ ಇಳಿಯಲು ಬಿಡಿ, ಚಮಚವನ್ನು ನೀರಲ್ಲಿ ಅದ್ದಿ ಅದ್ದಿ ಎಬ್ಬಿಸಿ.

ಹಾಲಿನ ಪಾತ್ರೆಯದು ಮೂರನೆಯ ಜಾತಿ. ಹಾಲಿನಲ್ಲಿ ಪ್ರೋಟೀನು ಇದೆ. ಬಿಸಿ ತಗುಲಿದರೆ ಪ್ರೋಟೀನು ಹೆಪ್ಪುಗಟ್ಟಿ ಪಾತ್ರೆಗೆ ಕಚ್ಚಿಕೊಳ್ಳುತ್ತದೆ. ಮೊಟ್ಟೆ ಒಡೆದ ಬಟ್ಟಲಿನದೂ ಇದೇ ಕತೆ. ಇವೆರಡಕ್ಕೂ ಮೊದಲು ತಣ್ಣೀರು, ಆಮೇಲೆ ಸೋಪು, ಬಿಸಿನೀರು ಬೇಕೆನಿಸಿದರೆ ಕೊನೆಗೆ. ಹಾಲು ಕಾಯಿಸುವ ಮೊದಲು ಪಾತ್ರೆಗೆ ನಾಲ್ಕು ಹನಿ ನೀರು ಹಾಕಿ ಒಮ್ಮೆ ಸುತ್ತಲೂ ಆಡಿಸಿ ಚೆಲ್ಲುವುದು ನಮ್ಮ ಅಜ್ಜಿಯರ ಅಭ್ಯಾಸ. ಹಾಗೆ ಮಾಡಿದರೆ ತಳದ ಸಣ್ಣ ಗೀರುಗಳಲ್ಲಿ ಮೊದಲು ನೀರು ಕೂರುತ್ತದೆ, ಹಾಲು ಬೇಗ ತಳ ಹಿಡಿಯುವುದಿಲ್ಲ. ಇದರ ಜೊತೆಗೆ ಉರಿ ಸಣ್ಣಗಿರಬೇಕು. ದೊಡ್ಡ ಉರಿಯ ಮೇಲಿಟ್ಟು ನೀರು ಆಡಿಸಿದೆನಲ್ಲ ಅಂದರೆ ಹಾಲು ಕೇಳುವುದಿಲ್ಲ.

ಜಿಡ್ಡಿಗೆ ಮಾತ್ರ ಬಿಸಿನೀರು. ಹಪ್ಪಳ, ಸಂಡಿಗೆ, ಬೋಂಡಾ ಕರಿದ ಬಾಣಲೆಯನ್ನು ಸೀದಾ ನಲ್ಲಿಯ ಕೆಳಗೆ ಒಡ್ಡುವುದು ಮೂರು ಕೆಲಸ ಹೆಚ್ಚಿಸಿಕೊಳ್ಳುವ ದಾರಿ: ಬಾಣಲೆ ಹೋಗುವುದಿಲ್ಲ, ಸ್ಕ್ರಬ್ಬರು ಜಿಡ್ಡಾಗುತ್ತದೆ, ಸಿಂಕಿನ ಕೊಳವೆಯೊಳಗೆ ಎಣ್ಣೆ ತಣಿದು ಕೂರುತ್ತದೆ. ಮೊದಲು ಹಳೆಯ ಪತ್ರಿಕೆಯ ಹಾಳೆಯಲ್ಲಿ ಒರೆಸಿ. ಹಾಳೆ ಇಲ್ಲವೇ, ಜರಡಿ ಹಿಡಿದು ಉಳಿದ ಹಿಟ್ಟಿನ ತರಿಯನ್ನೋ ಹುಳ ಬಿದ್ದು ಬಿಸಾಡಬೇಕಾದ ಕಡಲೆಹಿಟ್ಟನ್ನೋ ಉದುರಿಸಿ ಉಜ್ಜಿ. ಹಿಟ್ಟು ಎಣ್ಣೆಯನ್ನು ಹೀರುತ್ತದೆ, ಬಿಸಿನೀರು ಆಮೇಲೆ. ನೆಲದ ಮೇಲೆ ಎಣ್ಣೆ ಚೆಲ್ಲಿದಾಗಲೂ ಒದ್ದೆ ಬಟ್ಟೆ ತರಲು ಓಡಬೇಡಿ, ಹಿಟ್ಟು ಉದುರಿಸಿ. ಒದ್ದೆ ಬಟ್ಟೆ ಎಣ್ಣೆಯನ್ನು ಮನೆಯ ತುಂಬ ಹರಡುತ್ತದೆ, ಆಮೇಲೆ ಯಾರೋ ಒಬ್ಬರು ಜಾರಿ ಬೀಳುತ್ತಾರೆ.

ಹಿಂದೆ ಸೋಪಿಲ್ಲದೆ ಜಿಡ್ಡು ಹೇಗೆ ತೆಗೆಯುತ್ತಿದ್ದರು? ಸೌದೆ ಒಲೆಯ ಬೂದಿ ಕ್ಷಾರ. ಅದು ಜಿಡ್ಡಿನ ಜೊತೆ ಸೇರಿದರೆ ಪಾತ್ರೆಯ ಮೇಲೆಯೇ ಒಂದಿಷ್ಟು ಸೋಪು ಹುಟ್ಟುತ್ತದೆ. ತೆಂಗಿನ ನಾರು ಅದನ್ನು ಉಜ್ಜಿಕೊಡುತ್ತಿತ್ತು. ಸೀಗೆಪುಡಿಯಲ್ಲೂ ಅಂಟುವಾಳದಲ್ಲೂ ಸಪೋನಿನ್ ಅನ್ನುವ ನೊರೆ ಬರಿಸುವ ವಸ್ತು ಇದೆ. ಅಂಟುವಾಳ ಈಗಲೂ ಸಿಗುತ್ತದೆ. ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿಕೊಂಡರೆ ಪಾತ್ರೆ ತೊಳೆಯುವ ದ್ರವ ಸಿದ್ಧ. ಇಷ್ಟೆಲ್ಲ ಮಾಡಲು ಬಿಡುವಿಲ್ಲದವರು ಅಂಗಡಿಯ ಸೋಪು ತಂದರೆ ಯಾರೂ ಏನೂ ಅನ್ನಬಾರದು. ಹಳೆಯದೆಲ್ಲ ಚಿನ್ನ ಎನ್ನುವ ಪಕ್ಷ ನನ್ನದಲ್ಲ.

ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣು ಮತ್ತು ಉಪ್ಪು. ಹುಳಿ ಕಿಲುಬನ್ನು ಕರಗಿಸುತ್ತದೆ. ಹುಳಿ ಕಿಲುಬನ್ನು ಕರಗಿಸುತ್ತದೆ ಅಂದಮೇಲೆ ಅದೇ ಪಾತ್ರೆಯಲ್ಲಿ ಹುಳಿ, ಸಾರು ಮಾಡಿದರೆ ಕಿಲುಬು ಹೊಟ್ಟೆಗೇ ಹೋಗುತ್ತದೆ. ಅದಕ್ಕೇ ಒಳಗೆ ಕಲಾಯಿ ಬೇಕು. ಕಲಾಯಿ ಅಂದರೆ ತವರದ ತೆಳು ಪದರ. ತವರ 232 ಡಿಗ್ರಿಗೆ ಕರಗುತ್ತದೆ. ಕಲಾಯಿ ಪಾತ್ರೆಯನ್ನು ಏನೂ ಹಾಕದೆ ಒಲೆಯ ಮೇಲಿಟ್ಟು ಮರೆತರೆ ಕಲಾಯಿ ಉಳಿಯುವುದಿಲ್ಲ. ಅದರೊಳಗೆ ಸ್ಟೀಲಿನ ಗುಂಜೂ ಆಡಬಾರದು. ಈಗ ಬೀದಿಯಲ್ಲಿ ಕಲಾಯಿಯವರ ಕೂಗು ಅಪರೂಪವಾಗಿರುವುದರಿಂದ, ಇರುವ ಕಲಾಯಿಯನ್ನು ಜೋಪಾನ ಮಾಡುವುದು ಜಾಣತನ.

ತಳ ಹತ್ತಿದ ಪಾತ್ರೆಯ ಮಾತು ಬಂದೇ ಬರುತ್ತದೆ. ಪಾತ್ರೆಗಿಂತ ಮೊದಲು ಅದರಲ್ಲಿರುವುದನ್ನು ಉಳಿಸಿಕೊಳ್ಳಬೇಕು. ಸೀದ ವಾಸನೆ ಬಂದ ಕೂಡಲೇ ನಮ್ಮ ಕೈ ಸೌಟು ಹಿಡಿದು ತಳದಿಂದ ಕೆದಕಲು ಹೋಗುತ್ತದೆ. ಅದನ್ನೇ ಮಾಡಬಾರದು. ಕೆದಕಿದರೆ ಸೀದದ್ದು ಇಡೀ ಪಾಯಸಕ್ಕೆ ಬೆರೆಯುತ್ತದೆ. ಉರಿ ಆರಿಸಿ, ಮೇಲಿನದ್ದನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ತಳದ್ದು ತಳದಲ್ಲೇ ಇರಲಿ. ಆಮೇಲೆ ಸ್ಟೀಲಿನ ಪಾತ್ರೆಯಾದರೆ ಕಪ್ಪಾದ ಜಾಗ ಮುಳುಗುವಷ್ಟು ನೀರು, ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ, ಆರಿಸಿ, ರಾತ್ರಿಯೆಲ್ಲ ಬಿಡಿ. ಬೆಳಿಗ್ಗೆ ಮರದ ಸಟ್ಟುಗದಲ್ಲಿ ಒತ್ತಿದರೆ ಹೊಪ್ಪಳಿಕೆಯಾಗಿ ಬರುತ್ತದೆ. ಪೂರ್ತಿ ಬಾರದಿದ್ದರೆ ಇನ್ನೊಮ್ಮೆ. ಅಲ್ಯೂಮಿನಿಯಂ, ಹಿಂಡಾಲಿಯಂ ಪಾತ್ರೆಗೆ ಸೋಡಾ ಬೇಡ, ಅದು ಲೋಹವನ್ನೇ ಕಪ್ಪಾಗಿಸುತ್ತದೆ. ಅದಕ್ಕೆ ಹುಣಸೆ ಸಿಪ್ಪೆಯೋ ಹಿಂಡಿದ ನಿಂಬೆಹೋಳೋ ಹಾಕಿ ಕುದಿಸಿ. ಕುಕ್ಕರಿನ ತಳದ ನೀರಿಗೆ ಒಂದು ನಿಂಬೆಸಿಪ್ಪೆ ಹಾಕಿದರೆ ಒಳಮೈ ಕಪ್ಪಾಗುವುದಿಲ್ಲ ಅನ್ನುವುದರ ಕಾರಣವೂ ಇದೇ.

ಸ್ಟೀಲಿನ ವಿಚಾರದಲ್ಲಿ ಇನ್ನೊಂದು. ತಳದಲ್ಲಿ ಸಣ್ಣ ಸಣ್ಣ ಬಿಳಿ ಚುಕ್ಕೆಗಳು ಬಿದ್ದಿರುವುದನ್ನು ನೋಡಿರುತ್ತೀರಿ, ತಿಕ್ಕಿದರೂ ಹೋಗುವುದಿಲ್ಲ. ತಣ್ಣೀರಿಗೆ ಕಲ್ಲುಪ್ಪು ಹಾಕಿ ಕರಗಿಸದೆ ಬಿಟ್ಟರೆ ಹರಳು ಕೂತ ಜಾಗದಲ್ಲಿ ಉಕ್ಕು ಕೊರೆದುಹೋಗುತ್ತದೆ. ಅದು ಕೊಳೆಯಲ್ಲ, ಗುಳಿ. ನೀರು ಕುದಿದ ಮೇಲೆ ಉಪ್ಪು ಹಾಕಿ ಕೈಯಾಡಿಸಿದರೆ ಆ ತೊಂದರೆ ಇಲ್ಲ.

ತೊಳೆಯುವುದಾಯಿತು, ಬೇಯಿಸುವ ಕಡೆಗೆ ಬರೋಣ. ಅಲ್ಲಿಯೂ ನೀರು ಮತ್ತು ಹೊತ್ತು.

ಬೆಲ್ಲ ಕುಟ್ಟುವುದನ್ನೇ ನೋಡಿ. ಅಚ್ಚುಬೆಲ್ಲವನ್ನು ಕಲ್ಲಿನಲ್ಲಿ ಕುಟ್ಟಿ ಅಡುಗೆಮನೆ ತುಂಬ ಚೂರು ಹಾರಿಸಿ ಇರುವೆ ಕರೆಯುವುದಕ್ಕಿಂತ, ಅರ್ಧ ಲೋಟ ಬಿಸಿನೀರಿನಲ್ಲಿ ಹಾಕಿಟ್ಟರೆ ತಾನೇ ಕರಗುತ್ತದೆ. ಸೋಸಿದರೆ ಕಬ್ಬಿನ ಸಿಬಿರು, ಮರಳು ಎಲ್ಲ ಹೋಗುತ್ತವೆ. ಹುಣಸೆಹಣ್ಣನ್ನು ಅಡುಗೆ ಶುರುವಾಗುವಾಗಲೇ ನೀರಿಗೆ ಹಾಕಿ, ಒಗ್ಗರಣೆಯ ಹೊತ್ತಿಗೆ ಹುಡುಕಬೇಡಿ. ಬೆಳ್ಳುಳ್ಳಿ ಎಸಳನ್ನು ಹತ್ತು ನಿಮಿಷ ಬೆಚ್ಚನೆ ನೀರಲ್ಲಿ ಹಾಕಿದರೆ ಸಿಪ್ಪೆ ಸಡಿಲ. ಚಳಿಗಾಲ ಬಂತೆಂದರೆ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಅವರೆಕಾಯಿ ಸುಗ್ಗಿ. ಹಿದುಕಿದ ಬೇಳೆ ಬೇಕೆಂದರೆ ಕಾಳನ್ನು ರಾತ್ರಿಯಿಡೀ ನೆನೆಹಾಕಲೇಬೇಕು. ನೆನೆದ ಕಾಳಿನ ಸಿಪ್ಪೆ ಸುಕ್ಕಾಗಿ ಒಳಗಿನ ಬೇಳೆಯಿಂದ ಬಿಟ್ಟಿರುತ್ತದೆ. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮುತ್ತದೆ. ನಾಲ್ಕು ಮಂದಿ ಬಟ್ಟಲ ಸುತ್ತ ಕೂತರೆ ಹರಟೆಯಲ್ಲೇ ಮುಗಿಯುವ ಕೆಲಸ ಅದು. ಒಬ್ಬರೇ ಕೂತರೆ ಮಾತ್ರ ಹಿದುಕಿದ ಬೇಳೆಯ ರುಚಿ ಸ್ವಲ್ಪ ಕಡಿಮೆ ಅನ್ನಿಸುವುದುಂಟು.

ಚಪಾತಿ ಹಿಟ್ಟಿಗೂ ಇದೇ. ಹದಿನೈದು ನಿಮಿಷ ಮುಷ್ಟಿಯಿಂದ ನಾದುವವರಿದ್ದಾರೆ. ಹಿಟ್ಟನ್ನು ನೀರಿನೊಂದಿಗೆ ಬರೀ ಒಟ್ಟುಗೂಡಿಸಿ, ಒದ್ದೆ ಬಟ್ಟೆ ಮುಚ್ಚಿ ಇಪ್ಪತ್ತು, ಮೂವತ್ತು ನಿಮಿಷ ಬಿಡಿ. ಗೋಧಿಯ ಗ್ಲುಟೆನ್ ಅನ್ನುವ ಜಿಗುಟಿನ ಎಳೆಗಳು ನೀರು ಕುಡಿದು ತಾವೇ ಹೆಣೆದುಕೊಳ್ಳುತ್ತವೆ, ಬಿಗಿಯೂ ಸಡಿಲುತ್ತದೆ. ಆಮೇಲೆ ಒಂದೆರಡು ನಿಮಿಷ ನಾದಿದರೆ ಸಾಕು. ಲಟ್ಟಿಸುವಾಗ ಚಪಾತಿ ಹಿಂದಕ್ಕೆ ಮುದುಡುವುದೂ ಇಲ್ಲ.

ಬೇಳೆ ಬೇಯುವುದಿಲ್ಲ ಅನ್ನುವುದು ನಮ್ಮ ಒಳನಾಡಿನ ಹಳೆಯ ದೂರು. ಮಂಗಳೂರಿನಿಂದ ಬೆಂಗಳೂರಿಗೆ ಸಂಸಾರ ಬದಲಿಸಿದವರು ಇದನ್ನು ಚೆನ್ನಾಗಿ ಬಲ್ಲರು. ಇದಕ್ಕೆ ಎರಡು ಕಾರಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು ಇಲ್ಲಿ ಸುಮಾರು 97ಕ್ಕೇ ಕುದಿದುಬಿಡುತ್ತದೆ, ಅದಕ್ಕಿಂತ ಬಿಸಿಯಾಗುವುದಿಲ್ಲ. ಎರಡನೆಯದು ಕೊಳವೆಬಾವಿಯ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನ ಗೋಡೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹುಳಿಯೂ ಹಾಗೆಯೇ: ಬೇಳೆ ಬೇಯುವ ಮೊದಲೇ ಹುಣಸೆರಸವೋ ಟೊಮೆಟೊವೋ ಹಾಕಿದರೆ ಬೇಳೆ ಹಟ ಹಿಡಿಯುತ್ತದೆ. ಮೊದಲು ಬೇಳೆ ಬೇಯಲಿ, ಹುಳಿ ಆಮೇಲೆ. ಚಿಟಿಕೆ ಸೋಡಾ ಹಾಕಿದರೆ ಬೇಗ ಬೇಯುವುದು ನಿಜ, ಆದರೆ ಬಿ1 ಜೀವಸತ್ವ ಅದಕ್ಕೆ ಬಲಿ. ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ, ಸಾಧ್ಯವಿದ್ದರೆ ಫಿಲ್ಟರಿನ ನೀರಿನಲ್ಲಿ ಬೇಯಿಸಿ. ಕಡಲೆ, ಹುರುಳಿ, ಬಟಾಣಿಗೆ ರಾತ್ರಿಯಿಡೀ ಬೇಕು. ನೆನೆಹಾಕಲು ಮರೆತ ದಿನ ಕಡಲೆಯನ್ನು ಕುದಿನೀರಿಗೆ ಹಾಕಿ, ಒಲೆ ಆರಿಸಿ ಒಂದು ಗಂಟೆ ಮುಚ್ಚಿಡಿ. ರಾತ್ರಿ ನೆನೆದಷ್ಟು ಆಗದಿದ್ದರೂ ಸಾಗುತ್ತದೆ.

ಕುಕ್ಕರು ಈ ಎತ್ತರದ ತಂಟೆಯನ್ನೇ ಬಗೆಹರಿಸುವ ಯಂತ್ರ. ಡೆನಿಸ್ ಪಾಪಿನ್ ಅನ್ನುವ ಫ್ರೆಂಚ್ ವಿಜ್ಞಾನಿ 1679ರಲ್ಲಿ ಇದರ ಮೂಲ ರೂಪವನ್ನು ಲಂಡನ್ನಿನಲ್ಲಿ ತೋರಿಸಿದ. ಹಬೆಯನ್ನು ಹೊರಗೆ ಬಿಡದೆ ಒಳಗೇ ಒತ್ತಿ ಹಿಡಿದರೆ ನೀರು ಸುಮಾರು 120 ಡಿಗ್ರಿಯವರೆಗೂ ಏರುತ್ತದೆ. ಮೇಲಿನ ತೂಕ ಎದ್ದು ಕೂಗಿತು ಅಂದರೆ ಒತ್ತಡ ತುಂಬಿತು ಎಂದರ್ಥ. ಅಲ್ಲಿಂದ ಮುಂದೆ ಉರಿ ಎಷ್ಟೇ ದೊಡ್ಡದು ಮಾಡಿದರೂ ಒಳಗಿನ ಬಿಸಿ ಏರುವುದಿಲ್ಲ, ಹೆಚ್ಚುವರಿ ಗ್ಯಾಸೆಲ್ಲ ಕೂಗಾಗಿ ಕಿಟಕಿಯಿಂದಾಚೆ ಹೋಗುತ್ತದೆ. ಮೊದಲ ಕೂಗು ಆದ ಕೂಡಲೇ ಉರಿ ಸಣ್ಣ ಮಾಡಿ ನಿಮಿಷ ಎಣಿಸಿ. ಮೂರು ಕೂಗು, ಐದು ಕೂಗು ಅನ್ನುವ ಲೆಕ್ಕ ಉರಿಗೊಂದು ಕುಕ್ಕರಿಗೊಂದು ಆಗುತ್ತದೆ, ನಿಮಿಷದ ಲೆಕ್ಕ ಬದಲಾಗುವುದಿಲ್ಲ. ಬೇಳೆಯಾದರೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಒಂದು ಚಮಚ ಎಣ್ಣೆ ಹಾಕಿ. ಎಣ್ಣೆ ನೊರೆಯನ್ನು ಅಡಗಿಸುತ್ತದೆ, ಮುಚ್ಚಳದ ಮೇಲೆ ಬೇಳೆ ಕಾರಂಜಿ ಏಳುವುದಿಲ್ಲ, ಒಲೆ ಒರೆಸುವ ಕೆಲಸ ಉಳಿಯುತ್ತದೆ. ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯುವವರೆಗೂ ಒಳಗೆ ಬೇಯುತ್ತಲೇ ಇರುತ್ತದೆ. ತೂಕವನ್ನು ಸೌಟಿನಿಂದ ಎತ್ತಿ ಬುಸ್ಸೆನಿಸುವ ಅವಸರ ಮಾಡಿದರೆ ಆ ಬಿಟ್ಟಿ ಬಿಸಿಯನ್ನು ಕಳೆದುಕೊಂಡ ಹಾಗೆ, ಕೈ ಸುಟ್ಟುಕೊಳ್ಳುವ ಅಪಾಯ ಬೇರೆ.

ಇಷ್ಟು ಹೊತ್ತು ನೀರನ್ನು ಹೊಗಳಿದೆ. ನೀರಿನ ಕೈಲಾಗದ ಕೆಲಸಗಳೂ ಅಡುಗೆಮನೆಯಲ್ಲಿವೆ. ಅಲ್ಲಿ ನೀರು ಹಾಕಿದರೆ ಕೆಲಸ ಕೆಡುತ್ತದೆ.

ಹಲಸಿನ ಮೇಣ ಅಂಥದ್ದು. ಮಲೆನಾಡು, ಕರಾವಳಿಯವರಿಗೆ ನಾನು ಹೇಳಿಕೊಡುವುದೇನೂ ಇಲ್ಲ. ಮೆಟ್ಟುಗತ್ತಿಗೂ ಎರಡು ಕೈಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳದೆ ಅವರು ಹಲಸಿನಹಣ್ಣಿನ ಹತ್ತಿರ ಸುಳಿಯುವುದಿಲ್ಲ. ಹಣ್ಣು ಸೀಳಿದ ಕೂಡಲೇ ಒಸರುವ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆದುಬಿಡುತ್ತಾರೆ. ಪೇಟೆಯವರು ಮಾರುಕಟ್ಟೆಯಿಂದ ಕಾಲುಭಾಗ ಹಣ್ಣು ತಂದು, ಬರಿಗೈಯಲ್ಲಿ ಬಿಡಿಸಿ, ಆಮೇಲೆ ನಲ್ಲಿ ಬಿಟ್ಟುಕೊಂಡು ಸೋಪು ತಿಕ್ಕುತ್ತ ನಿಲ್ಲುತ್ತಾರೆ. ಮೇಣ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಕೈಗಂಟಿದರೆ ಒಣಗೈಗೆ ಎಣ್ಣೆ ಹಚ್ಚಿ ಉಜ್ಜಿ, ಹಳೆ ಬಟ್ಟೆಯಲ್ಲಿ ಒರೆಸಿ, ಸೋಪು ಕೊನೆಗೆ. ಬಾಳೆಹೂವಿಗೂ ಬಾಳೆಕಾಯಿಗೂ ಇದೇ ಉಪಾಯ. ಹೆಚ್ಚಿದ ಹೋಳನ್ನು ಮಾತ್ರ ಮಜ್ಜಿಗೆ ಬೆರೆಸಿದ ನೀರಿಗೆ ಹಾಕಬೇಕು. ಹೋಳಿಗೆ ಗಾಳಿ ತಾಗಿ ಕಪ್ಪಾಗುವುದನ್ನು ಮಜ್ಜಿಗೆಯ ಹುಳಿ ತಡೆಯುತ್ತದೆ.

ಮೆಣಸಿನಕಾಯಿಯ ಖಾರವೂ ನೀರಿಗೆ ಬಗ್ಗುವುದಿಲ್ಲ. ಬ್ಯಾಡಗಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಸೂಜಿಮೆಣಸನ್ನು ಕೈಯಲ್ಲಿ ಹಿಸುಕಿದರೆ ಸಂಜೆಯವರೆಗೂ ಉರಿ. ಅದರ ಕ್ಯಾಪ್ಸೈಸಿನ್ ಅನ್ನುವ ಅಂಶ ಎಣ್ಣೆಗೆ ಕರಗುವಂಥದ್ದು. ಮೊದಲು ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಾಯಿ ಉರಿದರೆ ನೀರಿನ ಲೋಟಕ್ಕೆ ಕೈಹಾಕುವ ಬದಲು ಮೊಸರು, ಹಾಲು. ಸುವರ್ಣಗಡ್ಡೆ, ಪತ್ರೊಡೆಯ ಕೆಸುವಿನೆಲೆ ಇವುಗಳ ತುರಿಕೆ ಇನ್ನೊಂದು ಬಗೆ. ಅವುಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಮೊನೆಯ ಹರಳುಗಳಿವೆ, ಚರ್ಮಕ್ಕೆ ಚುಚ್ಚುತ್ತವೆ. ಕೈ ಒದ್ದೆಯಿರಬಾರದು, ಎಣ್ಣೆ ಸವರಿರಬೇಕು, ಅಡುಗೆಗೆ ಹುಣಸೆಹುಳಿ ಧಾರಾಳ ಬೀಳಬೇಕು ಎನ್ನುವುದು ಹಿರಿಯರ ಕ್ರಮ.

ಈರುಳ್ಳಿ ಅಳಿಸುವುದಕ್ಕೆ ಕಾರಣವಾದ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು 2002ರಲ್ಲಿ ಗುರುತಿಸಿದರು. ನಮಗೆ ಬೇಕಾದದ್ದು ಇಷ್ಟು: ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಆ ಕಿಣ್ವ ಮಂದವಾಗುತ್ತದೆ, ಹರಿತವಾದ ಈಳಿಗೆ ಈರುಳ್ಳಿಯನ್ನು ಜಜ್ಜದೆ ಕೊಯ್ಯುತ್ತದೆ. ಮೊಂಡು ಚಾಕು ಇಟ್ಟುಕೊಂಡು ಈರುಳ್ಳಿಯನ್ನು ಬೈಯಬಾರದು.

ಬೀಡಿನ ಕಾವಲಿಗೆ ನೀರು ವೈರಿ. ಅದರ ಮೇಲಿನ ನುಣುಪು, ಎಣ್ಣೆ ಕಾದು ಕಾದು ಗಟ್ಟಿಯಾಗಿ ಕೂತ ಪದರ. ಸಿಂಕಿನಲ್ಲಿ ನೆನೆಹಾಕಿದರೆ ತುಕ್ಕು, ಉಕ್ಕಿನ ಗುಂಜಿನಿಂದ ತಿಕ್ಕಿದರೆ ಪದರವೇ ಮಾಯ. ದೋಸೆ ಮುಗಿದ ಮೇಲೆ ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಒರೆಸಿ, ಏನಾದರೂ ಅಂಟಿದ್ದರೆ ಒಂದಿಷ್ಟು ಪುಡಿಯುಪ್ಪು ಹಾಕಿ ಉಜ್ಜಿ. ತೊಳೆಯಲೇಬೇಕಾದರೆ ತೊಳೆದ ಕೂಡಲೇ ಒಲೆಯ ಮೇಲಿಟ್ಟು ಆರಿಸಿ, ಎಣ್ಣೆ ಸವರಿ ಎತ್ತಿಡಿ. ಚಪಾತಿಗೆ ಬೇರೆ ಹೆಂಚು ಇರಲಿ. ಒಣ ಹಿಟ್ಟು ಸೀದು ಸೀದು ದೋಸೆ ಕಾವಲಿಯ ಮೈ ಕೆಡುತ್ತದೆ. ಕಾವಲಿ ಕಾದಿದೆಯೇ ಎಂದು ನೋಡಲು ನೀರು ಚಿಮುಕಿಸಿ: ಹನಿಗಳು ಕೂರದೆ ಓಡಾಡಿದರೆ ದೋಸೆಗೆ ಕೊಂಚ ಹೆಚ್ಚೇ ಕಾದಿದೆ. ಇನ್ನಷ್ಟು ನೀರು ಚಿಮುಕಿಸಿ, ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ, ಆಗ ಹಿಟ್ಟು ಹುಯ್ಯಿರಿ. ಲಟ್ಟಣಿಗೆ, ಮಣೆ, ಮರದ ಸಟ್ಟುಗಗಳನ್ನೂ ನೆನೆಹಾಕಬಾರದು. ಮರ ಉಬ್ಬಿ ಸೀಳುತ್ತದೆ.

ಎರಡು ಸುಳ್ಳು ಕಿವಿಮಾತುಗಳನ್ನು ಇಲ್ಲೇ ತೀರಿಸಿಬಿಡುತ್ತೇನೆ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ, ಉಪ್ಪನ್ನು ಹೀರುತ್ತದೆ ಅನ್ನುತ್ತಾರೆ. ಆಲೂಗಡ್ಡೆ ಹೀರುವುದು ಉಪ್ಪುನೀರನ್ನು, ಉಳಿದ ನೀರು ಎಷ್ಟು ಉಪ್ಪಗಿತ್ತೋ ಅಷ್ಟೇ ಇರುತ್ತದೆ. ಬೆಂದ ಬೇಳೆ, ರುಬ್ಬಿದ ಕಾಯಿ, ನೀರು ಇವುಗಳಲ್ಲಿ ಯಾವುದಾದರೂ ಸೇರಿಸಿ ಹೆಚ್ಚಿಸುವುದೊಂದೇ ದಾರಿ. ಮನೆಗೆ ನೆಂಟರು ಬಂದಿದ್ದರೆ ಇನ್ನೂ ಒಳ್ಳೆಯದೇ. ಎರಡನೆಯದು ಮೊಬೈಲಿನಲ್ಲಿ ದಿನಾ ಕಾಣುವುದು: ಸೋಡಾದ ಮೇಲೆ ವಿನೆಗರ್ ಸುರಿದು ಬುಸುಬುಸು ನೊರೆ ಬರಿಸಿ ಸಿಂಕು ತೊಳೆಯುವುದು. ನೊರೆ ನೋಡಲು ಚೆಂದ. ಆದರೆ ಕ್ಷಾರವೂ ಹುಳಿಯೂ ಒಂದನ್ನೊಂದು ಕೊಂದುಕೊಂಡ ಮೇಲೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಜಿಡ್ಡಿಗೆ ಸೋಡಾ ಒಂದೇ ಬಳಸಿ. ಗಡಸು ನೀರಿನಿಂದ ಕೆಟಲು, ನಲ್ಲಿಗಳ ಮೇಲೆ ಕೂತ ಬಿಳಿ ಸುಣ್ಣಕ್ಕೆ ವಿನೆಗರೋ ನಿಂಬೆಯೋ ಒಂದೇ ಬಳಸಿ, ಅರ್ಧ ಗಂಟೆ ಬಿಡಿ.

ಕೆಲಸದ ಸರದಿಯೂ ಪಾತ್ರೆ ತೊಳೆಯುವುದನ್ನು ಕಡಿಮೆ ಮಾಡುತ್ತದೆ. ಮಿಕ್ಸಿ ಜಾರಿನಲ್ಲಿ ಮೊದಲು ಒಣ ಪುಡಿ, ಆಮೇಲೆ ಕಾಯಿ ಚಟ್ನಿ, ಬೆಳ್ಳುಳ್ಳಿ ಈರುಳ್ಳಿಯ ಮಸಾಲೆ ಕಟ್ಟಕಡೆಗೆ. ಹೀಗಾದರೆ ನಡುವೆ ತೊಳೆಯುವ ಗೋಜಿಲ್ಲ, ಕೊನೆಗೆ ಜಾರಿಗೆ ನೀರು ಹಾಕಿ ಒಂದು ಸುತ್ತು ತಿರುಗಿಸಿ ಆ ನೀರನ್ನು ಹುಳಿಗೇ ಸುರಿಯಬಹುದು. ಸೊಪ್ಪು ತೊಳೆಯುವಾಗ ಪಾತ್ರೆಯನ್ನು ಬಗ್ಗಿಸಿ ನೀರು ಚೆಲ್ಲಬೇಡಿ. ತಳಕ್ಕಿಳಿದ ಮಣ್ಣು ಮತ್ತೆ ಸೊಪ್ಪಿನ ಮೇಲೆಯೇ ಬೀಳುತ್ತದೆ. ಸೊಪ್ಪನ್ನು ನೀರಿನಿಂದ ಮೇಲಕ್ಕೆ ಎತ್ತಿಕೊಳ್ಳಿ, ಆಮೇಲೆ ನೀರು ಬದಲಿಸಿ. ತಳದಲ್ಲಿ ಮರಳು ಕಾಣದಾಗುವವರೆಗೆ ಹೀಗೆ ಮಾಡಿ.

ಅಕ್ಕಚ್ಚು, ಬೇಳೆ ತೊಳೆದ ನೀರು, ಸೊಪ್ಪಿನ ನೀರು ಎಲ್ಲ ಹಿಂದೆ ಕಲಗಚ್ಚಿನ ಬಾನಿಗೆ ಹೋಗಿ ಹಸುವಿನ ಪಾಲಾಗುತ್ತಿದ್ದವು. ಹಸುವಿಲ್ಲದ ಮನೆಯಲ್ಲಿ ಕರಿಬೇವಿನ ಕುಂಡಕ್ಕಾದರೂ ಹೋಗಲಿ. ಸೋಪಿನ ನೀರು, ಉಪ್ಪಿನ ನೀರು ಗಿಡಕ್ಕೆ ಬೇಡ.

ಮುಸುರೆಗೆ ನೀರು ಹಾಕಿಡುವುದರಲ್ಲಿ ಇನ್ನೊಂದು ಸಂಗತಿ ಸೇರಿದೆ, ಅದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಎಷ್ಟೋ ಮನೆಗಳಲ್ಲಿ ರಾತ್ರಿ ಉಂಡ ಪಾತ್ರೆಯನ್ನು ಬೆಳಿಗ್ಗೆ ಬಂದು ತಿಕ್ಕುವುದು ಮನೆಕೆಲಸದಾಕೆ. ಆಕೆಗೆ ಅದೇ ಬೀದಿಯಲ್ಲಿ ಇನ್ನೂ ಮೂರು ನಾಲ್ಕು ಮನೆಗಳಿರುತ್ತವೆ. ನಾವು ಎರಡು ಲೋಟ ನೀರು ಹಾಕಿಡದೆ ಮಲಗಿದ್ದರಿಂದ ಕಲ್ಲಾದ ಅನ್ನವನ್ನು ಆಕೆ ಉಗುರಿನಲ್ಲಿ ಕೆರೆಯುತ್ತಾಳೆ. ಚಳಿಗಾಲದ ಬೆಳಗಿನಲ್ಲಿ, ತಣ್ಣೀರಿನಲ್ಲಿ. ತಟ್ಟೆ ಎತ್ತುವವರು ಮನೆಯ ಯಜಮಾನರೇ ಆಗಿರಲಿ, ಕಾಲೇಜಿಗೆ ಹೋಗುವ ಮಗನೇ ಆಗಿರಲಿ, ಸಿಂಕಿನಲ್ಲಿಟ್ಟು ನಲ್ಲಿ ತಿರುಗಿಸುವುದಕ್ಕೆ ಅಡುಗೆ ಬರಬೇಕಾಗಿಲ್ಲ. ನೀರು ಹಾಕುವ ಮೊದಲು ಎಂಜಲನ್ನು ಕಸದ ಬುಟ್ಟಿಗೆ ತೆಗೆದಿರಬೇಕು ಅನ್ನುವುದಷ್ಟೇ ನಿಯಮ. ತಿಕ್ಕಿದ ಮೇಲೆ ಸ್ಕ್ರಬ್ಬರನ್ನು ಹಿಂಡಿ ಗಾಳಿಯಾಡುವ ಕಡೆ ನೇತುಹಾಕಿ. ಒದ್ದೆಯಾಗಿ ಸೋಪಿನ ಡಬ್ಬಿಯಲ್ಲೇ ಬಿದ್ದಿದ್ದರೆ ರೋಗಾಣುಗಳಿಗೆ ಅದಕ್ಕಿಂತ ಒಳ್ಳೆಯ ಬಿಡಾರವಿಲ್ಲ. ಮಸಿಬಟ್ಟೆಯನ್ನು ದಿನಾ ಒಗೆದು ಬಿಸಿಲಿಗೆ ಹಾಕಿ. ಪಾತ್ರೆ ಇಳಿಸುವ, ಒಲೆ ಒರೆಸುವ, ಕೈ ಒರೆಸುವ ಮೂರೂ ಕೆಲಸಕ್ಕೆ ಒಂದೇ ಬಟ್ಟೆ ಮಾಡಿಕೊಂಡಿರುವವರು ನಾಳೆಯಿಂದ ಮೂರು ಮಾಡಿ.

ಕೊನೆಯದಾಗಿ ಸಿಂಕಿನ ಕೊಳವೆ. ಅದರ ಕೆಳಗೆ ಕೊಳವೆ ಬಾಗಿ ಮೇಲೆದ್ದಿರುತ್ತದೆ, ಗಮನಿಸಿ. ಆ ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ವಾಸನೆಯೂ ಜಿರಳೆಯೂ ಮೇಲೆ ಬಾರದಂತೆ ತಡೆಯುವುದು ಆ ನೀರೇ. ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋದಾಗ ಅದು ಒಣಗಿಬಿಡುತ್ತದೆ. ವಾಪಸು ಬಂದು ಬಾಗಿಲು ತೆರೆದಾಗ ಮೂಗಿಗೆ ಬಡಿಯುವ ವಾಸನೆ ಅಲ್ಲಿಂದಲೇ ಬರುವುದು. ಸತ್ತ ಇಲಿಯನ್ನು ಹುಡುಕಿಕೊಂಡು ಅಟ್ಟ ಹತ್ತಬೇಡಿ. ಸಿಂಕಿಗೊಂದು ಚೊಂಬು, ಬಚ್ಚಲಿಗೊಂದು ಚೊಂಬು ನೀರು ಸುರಿದು, ಕಿಟಕಿ ತೆರೆದು, ಕಾಫಿಗೆ ನೀರಿಡಿ. ಕಾಫಿ ಇಳಿಯುವುದರೊಳಗೆ ವಾಸನೆ ಹೋಗಿರುತ್ತದೆ.